ಮಳೆ ಮೊದಲಿನಷ್ಟೇ, ಜೋಳ ಯಾಕೆ ಒಣಗುತ್ತೆ?

ಪ್ರಶ್ನೆ: ನಾವಿರೋದು ಪುಣೆಯ ಕಾತ್ರಜ್‌ನಲ್ಲಿ, ಹೊಲ ವಿಜಯಪುರದ ಇಂಡಿ ಕಡೆ, ಎರೆಭೂಮಿ. ವರ್ಷದ ಮಳೆ ಹೆಚ್ಚುಕಡಿಮೆ ಮೊದಲಿನಷ್ಟೇ, ಆದರೂ ಹಿಂಗಾರಿ ಜೋಳ ತೆನೆಗೆ ಮೊದಲೇ ಒಣಗುತ್ತೆ. ಹವಾಮಾನ ಬದಲಾವಣೆಯೇ ಕಾರಣವೇ?

ಉತ್ತರ: ಒಂದೇ ಹೊಲ ನೋಡಿ ಹಾಗೆ ಹೇಳಲಾಗದು. ಆದರೆ ಗಾಳಿ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 7% ಹೆಚ್ಚು ಆವಿ ಹಿಡಿಯಬಲ್ಲದು: ಬಂದರೆ ಧೋ ಎಂದು ಮಳೆ, ನಡುವೆ ಅದೇ ಗಾಳಿ ಮಣ್ಣಿನ ತೇವ ಹೀರುತ್ತದೆ. ಒಟ್ಟು ಮಿಲಿಮೀಟರ್ ನಂಬಿ ಕೂರಬೇಡಿ. ಎಷ್ಟು ದಿನ ಬಿತ್ತು ಅನ್ನೋದನ್ನೂ ಬರೆದಿಡಿ. ಜೂನ್‌–ಜುಲೈನಲ್ಲೇ ಚೌಕು ಮಡಿ (ಮಳೆನೀರು ಅಲ್ಲೇ ಇಂಗಲು ಸುತ್ತ ಬದು ಹಾಕಿದ ಚೌಕ) ಹಾಕಿಸಿ: ಸುಮಾರು 3 ಮೀಟರ್ ಚೌಕ, 15 ಸೆಂ.ಮೀ. ಬದು. ಇಳಿಜಾರಿನಲ್ಲಿ ದೊಡ್ಡ ಮಡಿ ಬೇಡ, ನೀರೆಲ್ಲ ಕೆಳಬದುವಿಗೇ ಒತ್ತಿ ಒಡೆಯುತ್ತೆ. ಬಿತ್ತಿದ ಮೇಲೆ ಎರೆ ಬಿರಿಯುವ ಮುಂಚೆ ಎಡೆ ಹೊಡೆಸಿ (ಸಾಲುಗಳ ನಡುವಿನ ಮೇಲ್ಮಣ್ಣು ಸಡಿಲಿಸಿ); ಆಳದ ತೇವ ಹಾರಿಹೋಗೋದು ಆ ಬಿರುಕುಗಳಿಂದಲೇ.