ಪಿತೃಋಣ ಮತ್ತು ಹೊಲದ ಪಾಲು

‘ಪಿತೃಋಣ, ಶ್ರಾದ್ಧ ಇವೆಲ್ಲ ಮನೆಯೊಳಗಿನ ಆಚರಣೆಗಳಷ್ಟೇ ಅಲ್ಲವೇ, ಸಮಾಜದ ಮೇಲೆ ಅವುಗಳ ಪರಿಣಾಮವೇನು?’ ಎಂದು ಕೇಳಿದ್ದೀರಿ. ಪರಿಣಾಮ ಆಸ್ತಿಯ ಮೇಲೇ ಆಗಿದೆ. ಮನುಷ್ಯ ಹುಟ್ಟುತ್ತಲೇ ಮೂರು ಋಣ ಹೊತ್ತು ಬರುತ್ತಾನೆ ಎಂಬುದು ನಂಬಿಕೆ. ದೇವಋಣ, ಋಷಿಋಣ ಯಜ್ಞ-ಪೂಜೆ ಮತ್ತು ಓದಿನಲ್ಲಿ ತೀರುತ್ತವೆ. ಪಿತೃಋಣ ತೀರಲು ಸಂತಾನ ಬೇಕು. ಹೀಗಾಗಿ ಪಿಂಡ ಇಡುವವನು ಯಾರು, ಆಸ್ತಿ ಯಾರಿಗೆ ಎಂಬ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡವು.

ನಮ್ಮ ಕಲಬುರಗಿ ಜಿಲ್ಲೆಯ ಮರತೂರು ವಿಜ್ಞಾನೇಶ್ವರರ ಊರೆಂದು ಹೆಸರಾಗಿದೆ. ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಕಲ್ಯಾಣದಲ್ಲಿದ್ದ ಅವರು ಯಾಜ್ಞವಲ್ಕ್ಯ ಸ್ಮೃತಿ ಎಂಬ ಧರ್ಮಶಾಸ್ತ್ರ ಗ್ರಂಥಕ್ಕೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದರು. ಅದರಲ್ಲಿ ನನಗೆ ಅತ್ಯಂತ ಹಿಡಿಸುವುದು ‘ಸಪಿಂಡ’ ಪದದ ವಿವರಣೆ. ಪಿಂಡವೆಂದರೆ ಅನ್ನದ ಉಂಡೆಯಲ್ಲ, ದೇಹ. ಒಂದೇ ದೇಹದ ಅಂಶ ಹಂಚಿಕೊಂಡವರು ಸಪಿಂಡರು ಎಂದರು. ಅಂದರೆ ವಾರಸಿಕೆಗೆ ರಕ್ತಸಂಬಂಧವೇ ಆಧಾರ. ಬಂಗಾಳದ ಜೀಮೂತವಾಹನ ‘ದಾಯಭಾಗ’ ಎಂಬ ಗ್ರಂಥದಲ್ಲಿ, ವಾರಸಿಕೆಯ ಆಧಾರವಾಗಿ ಪಿಂಡದಿಂದ ಸತ್ತವನಿಗಾಗುವ ಪುಣ್ಯಕ್ಕೇ ಅಂಟಿಕೊಂಡರು. ಧರ್ಮ ಒಂದೇ, ಫಲ ಬೇರೆ: ಮಿತಾಕ್ಷರಾದಂತೆ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು, ದಾಯಭಾಗದಂತೆ ತಂದೆ ಸತ್ತ ಮೇಲೆ. ಅದಕ್ಕೇ ‘ಹಿಂದೂ ನಂಬಿಕೆ ಹೀಗೆ ಹೇಳುತ್ತದೆ’ ಎಂದು ಒಂದೇ ಉಸಿರಿನಲ್ಲಿ ಹೇಳುವವರನ್ನು ಕಂಡರೆ ನನಗೆ ಅನುಮಾನ.

ಗಂಡುಮಕ್ಕಳಿಲ್ಲದೆ, ವಿಭಕ್ತನಾಗಿ (ಪಾಲು ಪಡೆದು ಬೇರೆಯಾಗಿ) ಸತ್ತವನ ಆಸ್ತಿ ಮೊದಲು ಹೆಂಡತಿಗೆ, ಆಮೇಲೆ ಮಗಳಿಗೆ ಎಂದೂ ವಿಜ್ಞಾನೇಶ್ವರರು ವಾದಿಸಿದ್ದಾರೆ. ಆದರೆ ಹುಟ್ಟಿನ ಹಕ್ಕು ಗಂಡಿಗಷ್ಟೇ ಉಳಿಯಿತು. ಇಲ್ಲಿನ ತೊಗರಿ ಹೊಲಗಳ ಪಾಲುಪಟ್ಟಿಯಲ್ಲಿ ಹೆಣ್ಣುಮಕ್ಕಳೂ ಸಮಪಾಲು ಕೇಳುವಂತಾದದ್ದು ಕಾನೂನು ಬದಲಾದ ಮೇಲೆ. ದೇಶಕ್ಕೆಲ್ಲ ಅದು ಬಂದದ್ದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ.