ತೀರ್ಥಹಳ್ಳಿಯ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿದ್ದೇನೆ. ಓಪನ್ ಸೋರ್ಸ್ ಲೈಬ್ರರಿ (ಬೇರೆಯವರು ಬರೆದು ಎಲ್ಲರ ಬಳಕೆಗೆ ಬಿಟ್ಟ ಕೋಡ್) ಬಳಸಿ ಮಾರಬಹುದಾ? ಕಮರ್ಷಿಯಲ್ ಬಳಕೆಗೆ ಯಾವ ಲೈಸೆನ್ಸ್ ಫ್ರೀ?

ಮಾರಬಹುದು. ಆದರೆ "ಯಾವುದು ಫ್ರೀ" ಅನ್ನುವ ಪ್ರಶ್ನೆಯೇ ಸರಿಯಿಲ್ಲ. ನಾನೂ ಅಷ್ಟನ್ನೇ ನೋಡಿ ಕೆಟ್ಟೆ.

ಶಿವಮೊಗ್ಗದ ಅಡಿಕೆ ಮಂಡಿಗಳಿಗೆ ಪಟ್ಟಿ ಬರೆಯುವ ಸಾಫ್ಟ್‌ವೇರ್ ಮಾಡಿದ್ದೆ. ರೈತರ ಹೆಸರು, ಚೀಲದ ತೂಕ, ಅಡಿಕೆಯ ಬಗೆ ರಾಶಿಯೋ ಬೆಟ್ಟೆಯೋ ಗೊರಬಲೋ, ಕ್ವಿಂಟಾಲಿಗೆ ಎಷ್ಟು, ಹಮಾಲಿ ಕಳೆದು ಕೈಗೆ ಎಷ್ಟು, ಎಲ್ಲ ಒಂದೇ ಹಾಳೆಯಲ್ಲಿ ಪಿಡಿಎಫ್ ಆಗಿ ಬರುತ್ತಿತ್ತು. ಅದಕ್ಕೆ ಐಟೆಕ್ಸ್ಟ್ ಅನ್ನುವ ಜಾವಾ ಲೈಬ್ರರಿ ಹಾಕಿದ್ದೆ. ಕೊಯ್ಲಿಗೆ ಮುಂಚೆ ತಗೊಳ್ಳುತ್ತೇವೆ ಅಂತ ಸಾಗರದ ಕಡೆಯ ಒಂದು ಸೊಸೈಟಿಯವರು ಹೇಳಿದ್ದರು. ಬಳಸಿದ ಲೈಬ್ರರಿಗಳ ಲಿಸ್ಟ್ ಕೊಡಿ ಅಂದರು. ಅಲ್ಲಿ ಸಿಕ್ಕಿಬಿದ್ದೆ.

ನಾನು ಲೈಸೆನ್ಸ್ ನೋಡಿದ್ದು ಒಂದು ಹಳೇ ಟ್ಯುಟೋರಿಯಲ್‌ನಲ್ಲಿ. ಎಲ್‌ಜಿಪಿಎಲ್ ಅನ್ನುವ ಲೈಸೆನ್ಸ್ ಅಂತಿತ್ತು. ಅದು ಸುಳ್ಳಲ್ಲ, 2ನೇ ಆವೃತ್ತಿಗೆ ನಿಜ. ಆದರೆ 2009ರಲ್ಲಿ 5ನೇ ಆವೃತ್ತಿ ಬಂದಾಗ ಲೈಸೆನ್ಸ್ ಎಜಿಪಿಎಲ್ ಆಯಿತು. ನಾನು ಇಳಿಸಿಕೊಂಡಿದ್ದು 5. ಹೆಸರು ಅದೇ, ಕೆಲಸ ಅದೇ, ಷರತ್ತು ಬೇರೆ. ಎಲ್‌ಜಿಪಿಎಲ್ ಆಗಿದ್ದರೆ ಲೈಬ್ರರಿಯ ಸೋರ್ಸ್, ಅಂದರೆ ಬರೆದ ಮೂಲ ಕೋಡ್ ಕೊಟ್ಟು, ಅದನ್ನು ಬದಲಾಯಿಸಿಕೊಳ್ಳಲು ಬಿಟ್ಟರೆ ಸಾಕಿತ್ತು. ಎಜಿಪಿಎಲ್‌ನಲ್ಲಿ ಹಾಗಲ್ಲ. ಅದನ್ನು ಸೇರಿಸಿ ಗಿರಾಕಿಗೆ ಕೊಟ್ಟರೆ ಇಡೀ ಪ್ರೋಗ್ರಾಮಿನ ಸೋರ್ಸನ್ನು ಅದೇ ಲೈಸೆನ್ಸಿನಲ್ಲಿ ಕೊಡಬೇಕು. ತಿದ್ದಿ ಸರ್ವರಿನಲ್ಲಿಟ್ಟು ನೆಟ್ ಮೂಲಕ ಬಳಸಲು ಬಿಟ್ಟರೂ ಸೋರ್ಸ್ ಕೊಡಲೇಬೇಕು. ಇಲ್ಲ ಅಂದರೆ ದುಡ್ಡು ಕೊಟ್ಟು ಕಮರ್ಷಿಯಲ್ ಲೈಸೆನ್ಸ್ ತಗೋಬೇಕು. ನಾನು ಎರಡೂ ಮಾಡಿರಲಿಲ್ಲ. ಐಟೆಕ್ಸ್ಟ್‌ನ ಹಳೇ ಕೋಡಿನಿಂದಲೇ ಹುಟ್ಟಿದ ಓಪನ್‌ಪಿಡಿಎಫ್‌ಗೆ ಬದಲಾಯಿಸುವ ಹೊತ್ತಿಗೆ ಕೊಯ್ಲು ಶುರುವಾಗಿತ್ತು. ಸೊಸೈಟಿಯವರು ಬೇರೆಯವರ ಹತ್ತಿರ ತಗೊಂಡಾಗಿತ್ತು.

ಹಾಗಾಗಿ ದುಡ್ಡಿನ ಮಾತು ಬಿಡಿ. ಗಿರಾಕಿಗೆ ಕೊಟ್ಟರೆ ಸೋರ್ಸ್ ಕೇಳುವ ಜಿಪಿಎಲ್ ಲೈಸೆನ್ಸ್ ಕೂಡ ಮಾರಬೇಡಿ ಅನ್ನುವುದಿಲ್ಲ. ಕೊಡುವಾಗ ಜೊತೆಗೆ ಏನೇನು ಕೊಡಬೇಕು ಅನ್ನುವುದೇ ಮುಖ್ಯ. ತೀರಾ ಸಡಿಲವಾದ ಎಂಐಟಿ ಲೈಸೆನ್ಸ್ ಆದರೂ ಕಾಪಿರೈಟ್ ಸಾಲು, ಲೈಸೆನ್ಸಿನ ಬರಹ ಉಳಿಸಬೇಕು. ಅಪಾಚೆ 2.0 ಆದರೆ ನೋಟಿಸ್ ಫೈಲ್ ಇದ್ದಲ್ಲಿ ಅದೂ ಸೇರಬೇಕು. ನೀವು ಬಳಸುವ ಆವೃತ್ತಿಯ ಒಳಗಿರುವ ಲೈಸೆನ್ಸ್ ಫೈಲನ್ನೇ ತೆರೆದು ಓದಿ. ಅದರ ಹಿಂದೆ ತಾನಾಗಿ ಬರುವ ಲೈಬ್ರರಿಗಳದ್ದೂ ಓದಿ.

"ಎಂಐಟಿ ಬಿಟ್ಟು ಬೇರೆ ಮುಟ್ಟಲೇಬೇಡಿ" ಅನ್ನುವವರ ಮಾತು ನಾನು ಒಪ್ಪಲ್ಲ. ಜಿಪಿಎಲ್‌ನಂಥದ್ದು ಬಳಸಿ ಅಂಗಡಿಯವರಿಗೆ ಸೋರ್ಸ್ ಕೊಟ್ಟರೆ ಅವರು ಇನ್ನೊಬ್ಬರಿಗೆ ಕೊಡಬಹುದು, ನಿಜ. ಆದರೆ ಅವರು ನಿಮಗೆ ದುಡ್ಡು ಕೊಡುವುದು ವ್ಯಾಪಾರದ ಹೊತ್ತಲ್ಲಿ ಪ್ರಿಂಟ್ ಬರದಿದ್ದರೆ ಓಡಿ ಬರುತ್ತೀರಿ ಅಂತ, ಅಲ್ವಾ? ಕೋಡ್ ಹಂಚುವ ತಾಣ ಗಿಟ್‌ಹಬ್‌ನಿಂದ ಲೈಸೆನ್ಸೇ ಇಲ್ಲದ ಕೋಡ್ ಎತ್ತಿಕೊಂಡಿದ್ದರೆ ಮಾತ್ರ ಮೊದಲು ತೆಗೆಯಿರಿ. ಅದರ ಕಾಪಿರೈಟ್ ಬರೆದವರದ್ದು, ಅವರನ್ನು ಕೇಳದೆ ಮಾರುವ ಹಾಗಿಲ್ಲ.