ಸಹಿ ಹಾಕುವ ಮುನ್ನ ಸಾಲು ಸಾಲೂ ನಡೆದು ನೋಡಿ

ಪ್ರಶ್ನೆ: ನಮ್ಮ ಜಮೀನಿನಲ್ಲಿ 1 ಮೆಗಾವ್ಯಾಟಿನ ಸೌರ ವಿದ್ಯುತ್ ಸ್ಥಾವರ ಕಟ್ಟಿ ಮುಗಿದಿದೆ. ಗುತ್ತಿಗೆದಾರರು ಮೊನ್ನೆ ಇನ್ವರ್ಟರ್ ಆನ್ ಮಾಡಿ ಕರೆಂಟು ಬರುವುದನ್ನು ತೋರಿಸಿದರು. ‘ಎಲ್ಲ ಟೆಸ್ಟೂ ಆಗಿದೆ, ಹಸ್ತಾಂತರದ ಕಾಗದಕ್ಕೆ ಸಹಿ ಹಾಕಿ’ ಅನ್ನುತ್ತಿದ್ದಾರೆ. ನಾನು ಎಲೆಕ್ಟ್ರಿಕಲ್ ಓದಿದವನಲ್ಲ. ಏನು ನೋಡಿ ಸಹಿ ಹಾಕಬೇಕು?

ಉತ್ತರ: ಇನ್ನೂ ಹಾಕಬೇಡಿ. ಇನ್ವರ್ಟರ್ ಓಡಿತು ಎಂದರೆ ಇನ್ವರ್ಟರ್ ಓಡಿತು ಎಂದಷ್ಟೇ ಅರ್ಥ. 500 ವ್ಯಾಟಿನ 20 ಪ್ಯಾನೆಲ್ ಸರಪಳಿಯಂತೆ ಒಂದರ ಹಿಂದೊಂದು ಸೇರಿ ಒಂದು ಸ್ಟ್ರಿಂಗ್ ಎಂದಿಟ್ಟುಕೊಳ್ಳಿ. ಅದು 10 ಕಿಲೋವ್ಯಾಟ್. ನಿಮ್ಮಲ್ಲಿ ಅಂಥ 100 ಸ್ಟ್ರಿಂಗ್ ಇರುತ್ತವೆ. ಅದರಲ್ಲಿ ಎರಡು ಪೂರ್ತಿ ಸತ್ತಿದ್ದರೂ ಕಡಿಮೆಯಾಗುವುದು ಶೇ. 2 ಮಾತ್ರ. ತೆಳ್ಳನೆಯ ಒಂದು ಮೋಡ ಹಾದುಹೋದರೂ ಅದಕ್ಕಿಂತ ಹೆಚ್ಚು ಏರುಪೇರಾಗುತ್ತದೆ. ಪರದೆ ನೋಡಿ ಇದನ್ನು ಹಿಡಿಯಲು ಯಾರಿಂದಲೂ ಆಗದು.

ಹೊಸ ಸ್ಥಾವರಗಳನ್ನು ಪರೀಕ್ಷಿಸುವುದೇ ಹಲವು ವರ್ಷಗಳಿಂದ ನನ್ನ ಕೆಲಸ. ಮೀಟರನ್ನು ಪೆಟ್ಟಿಗೆಯಿಂದ ತೆಗೆಯುವ ಮೊದಲು ನಾನು ಮಾಡುವುದು ಒಂದೇ, ಪ್ರತಿ ಸಾಲಿನ ಹಿಂದೆ ಬಗ್ಗಿ ನಡೆಯುವುದು. ಇದಕ್ಕೆ ನಿಮಗೂ ಎಂಜಿನಿಯರಿಂಗ್ ಬೇಕಿಲ್ಲ. ಕೈ ಹಚ್ಚಬೇಡಿ, ಕಣ್ಣಿಂದ ನೋಡಿ, ಬರೆದುಕೊಳ್ಳಿ. ಬೆಳಕಿರುವ ತನಕ ಪ್ಯಾನೆಲ್ಲನ್ನು ಆಫ್ ಮಾಡಲು ಬರುವುದಿಲ್ಲ. ಮೇನ್ ಸ್ವಿಚ್ ಇಳಿಸಿದ್ದರೂ ಆ ತಂತಿಗಳಲ್ಲಿ 900 ವೋಲ್ಟ್ ನಿಂತಿರುತ್ತದೆ.

ಮೊದಲು ಕನೆಕ್ಟರುಗಳನ್ನು ನೋಡಿ. ಎರಡು ತುದಿ ಸೇರುವಲ್ಲಿ ‘ಟಿಕ್’ ಎಂದು ಕೂರಬೇಕು. ಒಂದು ಕಡೆ ನಾನು ಕಂಡದ್ದು ಹೇಳುತ್ತೇನೆ. ಕನೆಕ್ಟರಿನ ಎರಡು ಭಾಗಗಳ ನಡುವೆ ಉಗುರಿನ ಅಂಚು ಹಿಡಿಸುವಷ್ಟು ಸಂದಿ ಇತ್ತು, ಅಷ್ಟೇ. ಆ ಸ್ಟ್ರಿಂಗ್ ವೋಲ್ಟೇಜ್ ಪರೀಕ್ಷೆಯಲ್ಲಿ ಪಾಸಾಗಿತ್ತು. ಆಗಲೇಬೇಕು. ವೋಲ್ಟೇಜ್ ಅಳೆಯುವಾಗ ಕರೆಂಟು ಹರಿಯುವುದಿಲ್ಲ, ಲೋಹ ಲೋಹಕ್ಕೆ ತಾಗಿದ್ದರೆ ಸಾಕು, ಮೀಟರ್ ಪೂರ್ತಿ ಅಂಕಿ ತೋರಿಸುತ್ತದೆ. 10 ಆಂಪಿಯರ್ ಹರಿಯಲು ಶುರುವಾದ ಮೇಲೆ ಆ ಸಡಿಲ ಜಾಗ ಕಾಯುತ್ತದೆ, ಪ್ಲಾಸ್ಟಿಕ್ ಕರಗುತ್ತದೆ, ಕೊನೆಗೆ ಕಿಡಿ ಏಳುತ್ತದೆ. 50 ಹರ್ಟ್ಜ್‌ನ ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗಿಳಿಯುವುದರಿಂದ ಅದರ ಕಿಡಿಗೆ ಆರುವ ಅವಕಾಶವಿರುತ್ತದೆ. ಪ್ಯಾನೆಲ್ಲಿನಿಂದ ಬರುವುದು ಡಿಸಿ, ಅದು ಸೊನ್ನೆಗಿಳಿಯುವುದೇ ಇಲ್ಲ. ಹೊತ್ತಿದ ಕಿಡಿ ಹೊತ್ತಿಕೊಂಡೇ ಇರುತ್ತದೆ. ಬೇರೆ ಬೇರೆ ಕಂಪನಿಯ ಗಂಡು-ಹೆಣ್ಣು ಕನೆಕ್ಟರುಗಳನ್ನು ಜೋಡಿಸಿದ್ದರೂ ಒಪ್ಪಬೇಡಿ. ಹೊರಗಿಂದ ಒಂದಕ್ಕೊಂದು ಕೂತಂತೆ ಕಂಡರೂ ಒಳಗಿನ ಅಳತೆ, ಲೋಹದ ಲೇಪ ಬೇರೆ ಇರಬಹುದು.

ಆಮೇಲೆ ಕೇಬಲ್. ನೆಲಕ್ಕೆ ಜೋತುಬಿದ್ದಿದೆಯೇ, ಕಬ್ಬಿಣದ ಹರಿತ ಅಂಚಿಗೆ ಉಜ್ಜುತ್ತಿದೆಯೇ ನೋಡಿ. ನಟ್ಟುಗಳನ್ನು ಟಾರ್ಕ್ ವ್ರೆಂಚಿನಲ್ಲಿ (ಬಿಗಿತವನ್ನು ಅಳೆದು ತಿರುಗಿಸುವ ಸ್ಪ್ಯಾನರ್) ಬಿಗಿದ ಮೇಲೆ ಅಡ್ಡಲಾಗಿ ಬಣ್ಣದ ಗೆರೆ ಎಳೆಯುವುದು ರೂಢಿ. ಗೆರೆ ಇಲ್ಲದಿದ್ದರೆ ಬಿಗಿದದ್ದಕ್ಕೆ ಗುರುತೇನು ಎಂದು ಕೇಳಿ. ಅರ್ಥಿಂಗ್ ಬಗ್ಗೆಯೂ ಕೇಳಿ. ಅಲ್ಯೂಮಿನಿಯಂ ಫ್ರೇಮಿನ ಮೇಲಿನ ಆನೋಡೈಸ್ ಪದರ ವಿದ್ಯುತ್ತನ್ನು ಬಿಡುವುದಿಲ್ಲ, ಹಲ್ಲಿರುವ ವಾಷರ್ ಅದನ್ನು ಕಚ್ಚಿ ಒಳಗಿನ ಲೋಹಕ್ಕೆ ಮುಟ್ಟಬೇಕು. ಬರಿಯ ಬೋಲ್ಟ್ ಹಾಕಿ ಅರ್ಥಿಂಗ್ ಆಯಿತು ಎಂದರೆ ಆಗಲಿಲ್ಲ.

ಮೀಟರಿನ ಪರೀಕ್ಷೆಗಳಿಗೆ ಐಇಸಿ 62446-1 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅರ್ಥಿಂಗ್ ನಿರಂತರತೆ, ಪ್ಲಸ್-ಮೈನಸ್ ಸರಿಯಿದೆಯೇ ಎಂಬುದು, ವೋಲ್ಟೇಜ್, ಕರೆಂಟ್, ಇನ್ಸುಲೇಶನ್ (ತಂತಿಯಿಂದ ನೆಲಕ್ಕೆ ಕರೆಂಟು ಸೋರುತ್ತಿಲ್ಲ ತಾನೇ ಎಂಬುದು) ಎಲ್ಲವೂ ಅದರಲ್ಲಿ ಬರುತ್ತವೆ. ಪ್ಲಸ್-ಮೈನಸ್ ಪರೀಕ್ಷೆ ಫ್ಯೂಸ್ ಕೂರಿಸುವ ಮೊದಲೇ ಆಗಿರಬೇಕು. ಉಲ್ಟಾ ಇರುವ ಒಂದು ಸ್ಟ್ರಿಂಗನ್ನು ಮಿಕ್ಕವುಗಳ ಜೊತೆ ಸೇರಿಸಿದ ಮೇಲೆ ಗೊತ್ತಾದರೆ ಏನೂ ಪ್ರಯೋಜನವಿಲ್ಲ.

ವೋಲ್ಟೇಜಿನ ಪಟ್ಟಿ ಕೇಳಿ ಪಡೆಯಿರಿ, ಪ್ರತಿ ಸ್ಟ್ರಿಂಗಿನದ್ದೂ ಬೇಕು. ಇದನ್ನು ನೀವೇ ಕೂತು ಓದಬಹುದು. ಪ್ಯಾನೆಲ್ ಮೇಲೆ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಕರೆಂಟು ಹರಿಯದಿರುವಾಗಿನ ವೋಲ್ಟೇಜ್) 49 ಎಂದು ಬರೆದಿದ್ದರೆ 20ಕ್ಕೆ 980. ಆದರೆ ಅದು 25 ಡಿಗ್ರಿಯ ಲೆಕ್ಕ. ಬಿಸಿಲಲ್ಲಿ ಪ್ಯಾನೆಲ್ 55 ಡಿಗ್ರಿಗೆ ಕಾದಿದ್ದು, ಡಿಗ್ರಿಗೆ ಶೇ. 0.27ರಂತೆ ಇಳಿಯುವ ಪ್ಯಾನೆಲ್ ಆದರೆ ಶೇ. 8ರಷ್ಟು ಕಡಿಮೆ, ಅಂದರೆ ಸುಮಾರು 900 ವೋಲ್ಟ್ ಬರಬೇಕು. ಸಾಮಾನ್ಯವಾಗಿ ಲೆಕ್ಕಕ್ಕಿಂತ ಶೇ. 5ರೊಳಗೆ ಇದ್ದರೆ ಪಾಸು ಅನ್ನುತ್ತಾರೆ. ನಾನು ಅಷ್ಟಕ್ಕೆ ಒಪ್ಪುವುದಿಲ್ಲ. 900ರಲ್ಲಿ ಶೇ. 5 ಎಂದರೆ 45 ವೋಲ್ಟ್, ಒಂದಿಡೀ ಪ್ಯಾನೆಲ್! ಪ್ಯಾನೆಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡ್ ಇರುತ್ತವೆ, ಮೂರರಲ್ಲೊಂದು ಭಾಗಕ್ಕೆ ನೆರಳು ಬಿದ್ದರೆ ಕರೆಂಟನ್ನು ಅದರ ಪಕ್ಕದಿಂದ ದಾಟಿಸಲು. ಒಂದು ಕೆಟ್ಟು ಶಾರ್ಟ್ ಆದರೆ ಹೋಗುವುದು 15 ವೋಲ್ಟ್. ಅದು ಈ ಶೇ. 5ರ ಒಳಗೆ ಆರಾಮಾಗಿ ಅಡಗಿಕೊಳ್ಳುತ್ತದೆ. ಅದಕ್ಕೇ ಲೆಕ್ಕದ ಜೊತೆ ಹೋಲಿಸುವುದಕ್ಕಿಂತ ಪಕ್ಕದ ಸ್ಟ್ರಿಂಗಿನ ಜೊತೆ ಹೋಲಿಸಿ. ಐದೇ ನಿಮಿಷದ ಅಂತರದಲ್ಲಿ ಅಳೆದ ಪಕ್ಕಪಕ್ಕದ ಸ್ಟ್ರಿಂಗುಗಳು 901, 899, 902, 885 ಎಂದಿದ್ದರೆ ಆ 885ರ ಹತ್ತಿರ ನಿಲ್ಲಿ. ಬೆಳಿಗ್ಗೆ ಅಳೆದದ್ದನ್ನು ಮಧ್ಯಾಹ್ನದ್ದರ ಜೊತೆ ಹೋಲಿಸಿದರೆ ಮಾತ್ರ ಅರ್ಥವಿಲ್ಲ, ಬಿಸಿಯೊಂದೇ ಅಷ್ಟು ವ್ಯತ್ಯಾಸ ತರುತ್ತದೆ. 100 ಸ್ಟ್ರಿಂಗಿಗೂ 900 ಎಂದೇ ಬರೆದ ಪಟ್ಟಿ ಕೊಟ್ಟರೆ ಯಾರೂ ಅಳೆದಿಲ್ಲವೆಂದೇ ತಿಳಿಯಿರಿ. ನಿಮ್ಮೆದುರೇ ಮತ್ತೆ ಅಳೆಯಲು ಹೇಳಿ.

ಕೊನೆಗೆ, ಇನ್ವರ್ಟರ್ ಓಡುತ್ತಿರುವಾಗ ಲೈನಿನ ಬ್ರೇಕರ್ ಇಳಿಸಿ ತೋರಿಸಲು ಹೇಳಿ. ಲೈನ್ ಹೋದ 2 ಸೆಕೆಂಡಿನೊಳಗೆ ಇನ್ವರ್ಟರ್ ತಾನಾಗಿ ನಿಲ್ಲಬೇಕು. ಕರೆಂಟು ಹೋಗಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಜೀವ ಇದರ ಮೇಲೆ ನಿಂತಿದೆ. ಈ ಒಂದು ಪರೀಕ್ಷೆಯನ್ನು ಕಾಗದದಲ್ಲಿ ನೋಡಿ ಬಿಡಬೇಡಿ, ಎದುರಿಗೇ ನಿಂತು ನೋಡಿ.

ಪ್ರಶ್ನೆ: ಡಿಪ್ಲೊಮಾ ಮುಗಿಸಿ ಸೋಲಾರ್ ಕೆಲಸಕ್ಕೆ ಸೇರಿದ್ದೇನೆ. ಮಧ್ಯಾಹ್ನ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹಾಕಿದಾಗ ಇನ್ಸುಲೇಶನ್ ಚೆನ್ನಾಗಿ ಬಂತು. ಮರುದಿನ ಬೆಳಿಗ್ಗೆ ಇನ್ವರ್ಟರ್ ‘ಐಸೊಲೇಶನ್ ಫಾಲ್ಟ್’ ತೋರಿಸಿ ನಿಂತಿತು, ಹೊತ್ತೇರಿದ ಮೇಲೆ ತಾನೇ ಶುರುವಾಯಿತು. ‘ಇಬ್ಬನಿ ಒಣಗಿತಲ್ಲ, ಇನ್ನೇನು, ಬಿಡು’ ಅನ್ನುತ್ತಾರೆ ಸೀನಿಯರು. ಬಿಡಬಹುದೇ?

ಉತ್ತರ: ಬಿಡಬೇಡಿ. ಇಬ್ಬನಿ ದೋಷವನ್ನು ಹುಟ್ಟಿಸಲಿಲ್ಲ, ತೋರಿಸಿಕೊಟ್ಟಿತು. ನನಗೂ ಇದೇ ಆಗಿತ್ತು. ಒಣ ಮಧ್ಯಾಹ್ನದಲ್ಲಿ ಇನ್ಸುಲೇಶನ್ 200 ಮೆಗಾಓಮ್ ಮೇಲೆ (ಈ ಅಂಕಿ ಹೆಚ್ಚಿದ್ದಷ್ಟೂ ಒಳ್ಳೆಯದು) ಬಂದಿದ್ದ ಸ್ಟ್ರಿಂಗ್‌ಗೆ ನಾನೇ ಸರಿಯಿದೆ ಎಂದು ಬರೆದುಕೊಟ್ಟಿದ್ದೆ. ಮೂರು ದಿನ ಸತತವಾಗಿ ಬೆಳಿಗ್ಗೆ ಇನ್ವರ್ಟರ್ ನಿಂತಿತು. ನಾಲ್ಕನೆಯ ದಿನ ಇಬ್ಬನಿ ಆರುವ ಮೊದಲೇ ಹೋಗಿ, ಸೂರ್ಯ ಮೂಡಿ ಅರ್ಧ ಗಂಟೆಯಾದಾಗ, ಇನ್ವರ್ಟರಿನಿಂದ ಬಿಡಿಸಿದ ಒಂದೊಂದು ಸ್ಟ್ರಿಂಗಿನ ಪ್ಲಸ್‌ನಿಂದ ನೆಲಕ್ಕೆ, ಮೈನಸ್‌ನಿಂದ ನೆಲಕ್ಕೆ ವೋಲ್ಟೇಜ್ ಅಳೆದೆ. ಆರೋಗ್ಯವಾಗಿರುವ ಸ್ಟ್ರಿಂಗಿನಲ್ಲಿ ಈ ಅಂಕಿ ನಿಲ್ಲದೆ ಸೊನ್ನೆಯ ಕಡೆ ಇಳಿಯುತ್ತದೆ. ಒಂದರಲ್ಲಿ ಮಾತ್ರ ಗಟ್ಟಿಯಾಗಿ ನಿಂತಿತು, ಪ್ಲಸ್ಸಿಗೆ 564, ಮೈನಸ್ಸಿಗೆ 376. ಎರಡೂ ಸೇರಿ 940, 20 ಪ್ಯಾನೆಲ್, ಒಂದಕ್ಕೆ 47. 376ನ್ನು 47ರಿಂದ ಭಾಗಿಸಿದರೆ 8. ಮೈನಸ್ ತುದಿಯಿಂದ ಎಂಟು ಪ್ಯಾನೆಲ್ ಎಣಿಸಿಕೊಂಡು ಹೋದೆ. ಎಂಟು ಮತ್ತು ಒಂಬತ್ತರ ನಡುವಿನ ಕೇಬಲ್ ಕಬ್ಬಿಣದ ಅಂಚಿನ ಕೆಳಗೆ ಸಿಕ್ಕಿಕೊಂಡಿತ್ತು. ಮೇಲ್ಪದರ ಅಕ್ಕಿಕಾಳಿನಷ್ಟು ಸೀಳಿತ್ತು, ಒಳಗೆ ತವರದ ಲೇಪವಿರುವ ತಂತಿಯ ಎಳೆ ಹೊಳೆಯುತ್ತಿತ್ತು, ಅದರ ಮೇಲೆ ಒಂದು ಹನಿ ಇಬ್ಬನಿ ಕೂತಿತ್ತು. ಆ ಹನಿ ಆರಿದರೆ ಮೀಟರಿನಲ್ಲಿ ಏನೂ ಕಾಣುವುದಿಲ್ಲ. ಮಳೆಗಾಲದಲ್ಲಿ ಅದೇ ಸೀಳು ಇಡೀ ದಿನ ಒದ್ದೆಯಾಗಿರುತ್ತದೆ, ಆಗ ಆ ಕಬ್ಬಿಣ ಮುಟ್ಟುವವರ ಗತಿ ಯೋಚಿಸಿ. ಅಂದಿನಿಂದ ನಾನು ಇನ್ಸುಲೇಶನ್ ಪರೀಕ್ಷೆಯನ್ನು ಸಾಧ್ಯವಾದಷ್ಟೂ ಬೆಳಿಗ್ಗೆ, ಎಲ್ಲ ಒದ್ದೆ ಇರುವಾಗಲೇ ಮಾಡುತ್ತೇನೆ.

ಇನ್ನೆರಡು ಮಾತು ನಿಮ್ಮ ಕೆಲಸಕ್ಕೆ ಬೇಕು. 500ರಿಂದ 1000 ವೋಲ್ಟಿನ ವ್ಯವಸ್ಥೆಗೆ ಮೆಗ್ಗರಿನಲ್ಲಿ 1000 ವೋಲ್ಟ್ ಕೊಡಬೇಕು, ಕನಿಷ್ಠ 1 ಮೆಗಾಓಮ್ ಬರಬೇಕು. ಆದರೆ ಈ 1 ಮೆಗಾಓಮನ್ನು 100 ಸ್ಟ್ರಿಂಗ್ ಒಟ್ಟಿಗೆ ಸೇರಿಸಿ ಅಳೆಯಬೇಡಿ. ತಲಾ 100 ಮೆಗಾಓಮ್ ಇರುವ ಒಳ್ಳೆಯ ಸ್ಟ್ರಿಂಗುಗಳೂ ಪ್ಯಾರಲಲ್ಲಾಗಿ ಸೇರಿದರೆ 1ಕ್ಕೇ ಇಳಿಯುತ್ತವೆ. ಒಂದೊಂದಾಗಿ ಅಳೆಯಿರಿ. ಸಿಡಿಲು ಮುಂತಾದವುಗಳಿಂದ ನುಗ್ಗುವ ಹೆಚ್ಚು ವೋಲ್ಟೇಜನ್ನು ನೆಲಕ್ಕಿಳಿಸುವ ಸರ್ಜ್ ಪ್ರೊಟೆಕ್ಟರುಗಳನ್ನು ಮೊದಲು ಬಿಡಿಸಿಡಿ, ಇಲ್ಲದಿದ್ದರೆ ನೀವು ಅಳೆಯುವುದು ಅವುಗಳನ್ನೇ.

ಪ್ರಶ್ನೆ: ಥರ್ಮಲ್ ಕ್ಯಾಮೆರಾದಲ್ಲಿ ಒಂದು ಸಲ ನೋಡಿಬಿಟ್ಟರೆ ಇಷ್ಟೆಲ್ಲ ಅಳೆಯುವ ಶ್ರಮ ತಪ್ಪುತ್ತದಲ್ಲವೇ?

ಉತ್ತರ: ತಪ್ಪುವುದಿಲ್ಲ, ಅದು ಬೇರೆಯದನ್ನು ತೋರಿಸುತ್ತದೆ. ಪ್ಯಾನೆಲ್ ಮೇಲೆ ಚದರ ಮೀಟರಿಗೆ ಕನಿಷ್ಠ 600 ವ್ಯಾಟ್ ಬಿಸಿಲು ಬೀಳುತ್ತಿರಬೇಕು, ಇನ್ವರ್ಟರ್ ಲೋಡಿನಲ್ಲಿ ಓಡುತ್ತಿರಬೇಕು. ಆಗ ಕರೆಂಟು ಹರಿಯದ ಸ್ಟ್ರಿಂಗ್ ಪಕ್ಕದ್ದಕ್ಕಿಂತ ಒಂದೇ ಸಮನಾಗಿ ಸ್ವಲ್ಪ ಬೆಚ್ಚಗೆ ಕಾಣುತ್ತದೆ. ವಿದ್ಯುತ್ತಾಗಿ ಹೊರಗೆ ಹೋಗಬೇಕಾದದ್ದು ಅಲ್ಲೇ ಶಾಖವಾಗಿ ಉಳಿಯುತ್ತದೆ. ಬೈಪಾಸ್ ಆದ ಭಾಗ ಪಟ್ಟಿಯಂತೆ, ಸಡಿಲ ಕನೆಕ್ಟರ್ ಚುಕ್ಕೆಯಂತೆ ಕಾಣುತ್ತದೆ. ಕೇಬಲ್ ಸೀಳು ಕಾಣುವುದಿಲ್ಲ, ಅರ್ಥಿಂಗ್ ಬಿಟ್ಟದ್ದೂ ಕಾಣುವುದಿಲ್ಲ. ಸಾಗಿಸುವಾಗ ಸೆಲ್ಲುಗಳಲ್ಲಿ ಬಿದ್ದ ಕೂದಲೆಳೆಯ ಬಿರುಕು ಹಲವು ಸಲ ಕಾಣುವುದಿಲ್ಲ, ಅದಕ್ಕೆ ಕತ್ತಲಲ್ಲಿ ಪ್ಯಾನೆಲ್ಲಿಗೆ ಕರೆಂಟು ಕೊಟ್ಟು ಅದು ಹೊಮ್ಮಿಸುವ ಮಂಕು ಬೆಳಕನ್ನು ವಿಶೇಷ ಕ್ಯಾಮೆರಾದಲ್ಲಿ ಹಿಡಿಯಬೇಕು.

ಚಿತ್ರ ತೆಗೆದರೆ ಪ್ರತಿಯೊಂದಕ್ಕೂ ಸಾಲಿನ ಸಂಖ್ಯೆ, ಸ್ಟ್ರಿಂಗ್ ಸಂಖ್ಯೆ, ಸಮಯ, ಆಗಿನ ಬಿಸಿಲು ಬರೆದಿಡಿ. ಐದು ವರ್ಷದ ನಂತರ ಏಳನೆಯ ಸಾಲಿನಲ್ಲಿ ಒಂದು ಚುಕ್ಕೆ ಕಂಡಾಗ, ಅದು ಮೊದಲ ದಿನವೂ ಇತ್ತೇ ಎಂದು ಪ್ಯಾನೆಲ್ ಕಂಪನಿಯವರು ಕೇಳಿಯೇ ಕೇಳುತ್ತಾರೆ.